ಯಾರದೂ ಅಲ್ಲದ ಪೀಪಾಯಿ

ಆ ಮನೆಗೆ ಹೋಗುವ ದಾರಿ ದ್ರಾಕ್ಷಿ ಚಪ್ಪರದ ಕೆಳಗೇ ಹೋಗುತ್ತದೆ. ಎಂಥ ದೊಡ್ಡ ಮನುಷ್ಯನಾದರೂ ಅರ್ಧ ಹರದಾರಿ ತಲೆ ಬಗ್ಗಿಸಿಯೇ ನಡೆಯಬೇಕು. ಎತ್ತರದ ಆಳಾದರಂತೂ ಮನೆ ಮುಟ್ಟಿದ ಮೇಲೆ ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕೂತು, ಬಂದ ಕೆಲಸವನ್ನೇ ಮರೆತುಬಿಡುತ್ತಿದ್ದ. ಚಪ್ಪರ ಮುಗಿಯುವಲ್ಲಿ ಕರಿಕಲ್ಲಿನ ಮನೆ. ಮನೆಯ ಕೆಳಗೆ ನೆಲಮಾಳಿಗೆ. ನೆಲಮಾಳಿಗೆಯಲ್ಲಿ ಮನೆಯ ಮಂದಿ ಎಷ್ಟೋ ಅಷ್ಟು ಪೀಪಾಯಿ, ಮತ್ತೆ ಒಂದು ಹೆಚ್ಚಿಗೆ.

ಆ ಮನೆಯವರು ತಲೆತಲಾಂತರದಿಂದ ದ್ರಾಕ್ಷಿ ಬೆಳೆದು, ತುಳಿದು, ರಸವನ್ನು ಹುಳಿಯಲು ಬಿಟ್ಟು, ಹದವಾದ ಮೇಲೆ ಪೇಟೆಗೆ ಮಾರುವವರು. ಮಾರುವ ರಸ ಬೇರೆ, ನೆಲಮಾಳಿಗೆಯ ರಸ ಬೇರೆ. ಮನೆಯಲ್ಲಿ ಒಂದು ಕೂಸು ಹುಟ್ಟಿದರೆ ಆ ವರ್ಷದ ಸುಗ್ಗಿಯ ಮೊದಲ ರಸವನ್ನು ಒಂದು ಪೀಪಾಯಿಗೆ ತುಂಬಿ, ಅದರ ಕೊರಳಿಗೆ ಕೂಸಿನ ಕರಿಬಳೆ ಕಟ್ಟುತ್ತಿದ್ದರು. ಸೊಸೆ ಬಂದರೆ ಅವಳು ಬಂದ ವರ್ಷದ ರಸ. ಅದನ್ನು ಮಾರುವಂತಿಲ್ಲ, ಕುಡಿಯುವಂತಿಲ್ಲ. ಆ ಮನುಷ್ಯ ಸತ್ತ ದಿನ ಅತಿ ಹಳೆಯ ಬಳ್ಳಿಯ ಬುಡಕ್ಕೆ ಸುರಿದು ಕೈಮುಗಿದು ಬರಬೇಕು. ಅಲ್ಲಿಯವರೆಗೆ ಅದು ತುಂಬಿರಬೇಕು. ಬಿರಡೆ ಕಿತ್ತರೆ ಬಿರಡೆಯ ತುದಿ ಒದ್ದೆಯಾಗಿರಬೇಕು.

ಸುಮ್ಮನಿಟ್ಟರೂ ಪೀಪಾಯಿ ಇಳಿಯುತ್ತದೆ. ಮರ ಕುಡಿಯುತ್ತದೆ, ಗಾಳಿ ಕುಡಿಯುತ್ತದೆ. ಇದಕ್ಕೆ ಆ ಮನೆಯಲ್ಲಿ ಗಾಳಿಯ ಪಾಲು ಎನ್ನುತ್ತಿದ್ದರು. ಪೀಪಾಯಿಯಲ್ಲಿ ರಸ ಒಂದು ಬೆರಳು ಇಳಿದರೆ ಆ ಪೀಪಾಯಿಯವರ ಹೆಸರು ಮನೆಯವರ ಬಾಯಲ್ಲಿ ತೊಡರುತ್ತಿತ್ತು. ನಾಲ್ಕು ಬೆರಳು ಇಳಿದರೆ ನಂಟು ಮರೆಯುತ್ತಿತ್ತು. ಮುಖ ಕಾಣುತ್ತದೆ, ಇವರು ನಮಗೇನಾಗಬೇಕು ಎನ್ನುವುದು ಹೊಳೆಯುವುದಿಲ್ಲ. ಗೇಣು ಇಳಿದರೆ ಕಣ್ಣು ಅವರ ಮೇಲೆ ನಿಲ್ಲುವುದೇ ಇಲ್ಲ, ಬರಿಗೋಡೆಯ ಮೇಲೆ ಸರಿದ ಹಾಗೆ ಸರಿದುಹೋಗುತ್ತದೆ. ಹೆತ್ತವಳಿಗೆ ಮಾತ್ರ ಹೆಸರೂ ನಂಟೂ ಗೇಣಿನವರೆಗೆ ಉಳಿಯುತ್ತವೆ, ಅವಳ ಕಣ್ಣು ಇನ್ನೆರಡು ಬೆರಳು ತಡೆದು ಸರಿಯುತ್ತದೆ. ಪೂರ್ತಿ ಬರಿದಾದರೆ ಏನಾಗುತ್ತದೆ ಎಂದು ಕೇಳಿದರೆ ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ, ಯಾಕೆಂದರೆ ಯಾರಿಗೂ ನೆನಪಿರಲಿಲ್ಲ.

ಆದ್ದರಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಪೀಪಾಯಿ ತುಂಬುವ ಕೆಲಸ. ಅದು ಮನೆಯ ಕಿರಿಸೊಸೆಯದು.

ಅವಳು ತಲೆಗೆ ನೀರು ಹಾಕಿಕೊಂಡು, ಒದ್ದೆಗೂದಲಲ್ಲೇ ಮೆಟ್ಟಿಲಿಳಿಯುತ್ತಿದ್ದಳು. ಒಂದು ತಾಮ್ರದ ಕೊಡ, ಒಂದು ಲಾಳಿಕೆ, ಒಂದು ಅಳತೆಗೋಲು. ಮೂಲೆಯಲ್ಲಿ ಬಳೆಯಿಲ್ಲದ ಪೀಪಾಯಿ ಒಂದಿತ್ತು, ಎಂಟನೆಯದು. ಅದಕ್ಕೆ ಯಾರದೂ ಅಲ್ಲದ್ದು ಎಂದು ಹೆಸರು. ಅದರಿಂದ ಒಂದು ಕೊಡ ರಸ ತೆಗೆಯಬೇಕು. ಒಂದೇ ಕೊಡ, ಎರಡಿಲ್ಲ. ಆಮೇಲೆ ಸಾಲು ಹಿಡಿದು ಬರಬೇಕು. ಬಿರಡೆ ಕೀಳು, ಕೋಲು ಇಳಿಸು, ಲಾಳಿಕೆ ಇಡು, ಸುರಿ, ಬಿರಡೆ ಬಡಿ. ಮೊದಲು ಯಜಮಾನನಾದ ಮಾವನದು, ಆಮೇಲೆ ಅತ್ತೆಯದು, ಭಾವನದು, ಅವನ ಹೆಂಡತಿ ನೆಗೆಣ್ಣಿಯದು, ಗಂಡನದು, ತನ್ನದು. ಎಲ್ಲಕ್ಕಿಂತ ಕೊನೆಗೆ ಮಗಳದು. ಬಿರಡೆ ಕೀಳು, ಕೋಲು ಇಳಿಸು, ಲಾಳಿಕೆ ಇಡು, ಸುರಿ, ಬಿರಡೆ ಬಡಿ.

ಮಗಳಿಗೆ ಆರು ವರ್ಷ. ಅವಳು ಹುಟ್ಟಿದ ವರ್ಷ ಸುಗ್ಗಿಗೆ ಎಂಟು ದಿನವಿರುವಾಗ ಆಲಿಕಲ್ಲು ಬಿದ್ದು ಗೊಂಚಲುಗಳೆಲ್ಲ ನೆಲಕ್ಕೆ ಬಿದ್ದಿದ್ದವು. ಆಯ್ದು ಹಿಂಡಿದ ರಸ ಒಂದು ಸಣ್ಣ ಪೀಪಾಯಿಗೆ ಮಾತ್ರ ಸಾಕಾಯಿತು. ಹೊಸ ಮರ ಸಿಗದೆ, ಹಿಂದೆಂದೋ ಬರಿದಾಗಿ ಬಿಚ್ಚಿಟ್ಟ ಒಂದು ಯಾರದೂ ಅಲ್ಲದ ಪೀಪಾಯಿಯ ಹಲಗೆಗಳಿಂದಲೇ ಅದನ್ನು ಕಟ್ಟಿದ್ದರು. ಆ ಹಲಗೆಗಳಿಗೆ ಬಾಯಾರಿಕೆ ಹೆಚ್ಚು. ಹಳೆಯವರ ಪೀಪಾಯಿಗಳದೂ ಅದೇ ಗೋಳು. ಮರ ಒಣಗಿದಷ್ಟೂ ಹೆಚ್ಚು ಕುಡಿಯುತ್ತದೆ. ಮಾವನ ಪೀಪಾಯಿಯೊಂದೇ ಅರ್ಧ ಕೊಡ ಎಳೆಯುತ್ತಿತ್ತು. ಮಗಳ ಪೀಪಾಯಿಗೆ ಬರುವಷ್ಟರಲ್ಲಿ ಕೊಡದ ತಳ ಕಾಣುತ್ತಿತ್ತು.

ಕಿರಿಸೊಸೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಅಂಥವರನ್ನು ಕಂಡರೆ ಮನೆತನಗಳಿಗೆ ಬಲು ಪ್ರೀತಿ. ಸಾಲು ತಪ್ಪಿಸಬಾರದು ಎಂದಿದ್ದರು, ಅವಳು ತಪ್ಪಿಸಲಿಲ್ಲ. ಮುಂದಿನ ವಾರ ತುಂಬಿದರಾಯಿತು ಎಂದುಕೊಂಡಳು. ಮುಂದಿನ ವಾರವೂ ಹಾಗೇ ಅಂದುಕೊಂಡಳು. ತನ್ನ ಪೀಪಾಯಿ ಮಗಳದಕ್ಕಿಂತ ಮೊದಲು ಬರುತ್ತದೆ, ತಾನೇ ಸುರಿದುಕೊಂಡು ತಾನೇ ಬಿರಡೆ ಬಡಿಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಊಟದ ಹೊತ್ತಿಗೆ. ಅತ್ತೆ ಸಾಲಾಗಿ ತಾಟು ಹಾಕಿ, ರೊಟ್ಟಿ ಇಟ್ಟು, ಎಲ್ಲರನ್ನೂ ಕರೆದರು. ಮಗಳು ಬಂದು ತನ್ನ ಜಾಗದಲ್ಲಿ ಕೂತಳು. ಅವಳ ಮುಂದೆ ಬರೀ ನೆಲವಿತ್ತು.

"ಅತ್ತ್ಯಾರ, ಒಂದು ತಾಟು ಕಡಿಮಿ ಬಿತ್ತು," ಎಂದಳು ಕಿರಿಸೊಸೆ.

"ಎಣಿಸೇ ಹಾಕೀನಲ್ಲವಾ. ಆರು ಮಂದಿ, ಆರು ತಾಟು," ಎಂದರು ಅತ್ತೆ. ಅವರ ಕಣ್ಣು ಮಗುವಿನ ಮೇಲೆ ಸರಿದು, ಅದರಾಚೆಯ ಕಂಬಕ್ಕೆ ಹೋಗಿ ನಿಂತಿತು.

ಕಿರಿಸೊಸೆ ಗಂಡನ ಕಡೆ ನೋಡಿದಳು. ಹೋದ ಸುಗ್ಗಿಯಲ್ಲಿ ಇದೇ ಮಗಳನ್ನು ಹೆಗಲ ಮೇಲೆ ಹೊತ್ತು, ಚಪ್ಪರದ ಗೊಂಚಲಿಗೆ ಬಾಯಿ ಹಚ್ಚಿಸಿ, ಅವಳ ಗಲ್ಲದ ಮೇಲೆ ಸೋರಿದ ರಸ ಒರೆಸಿದವನು ಅವನು. ಅವನು ರೊಟ್ಟಿ ಮುರಿಯುತ್ತ, "ಏನ ಹುಡುಕಾಕತ್ತಿ? ಉಣ್ಣು, ಆರಿ ಹೋಗತೈತಿ," ಎಂದ. ಅವನ ದನಿಯಲ್ಲಿ ಎಳ್ಳಷ್ಟೂ ಕೆಟ್ಟತನವಿರಲಿಲ್ಲ.

ಅವಳು ತನ್ನ ತಾಟನ್ನು ಮಗಳ ಮುಂದೆ ಸರಿಸಿದಳು. ಮಗಳು ತಿನ್ನಲಿಲ್ಲ. ತಾಯಿಯ ಸೆರಗು ಎಳೆದು ಮೆಲ್ಲಗೆ ಕೇಳಿದಳು:

"ಅವ್ವಾ, ನಾ ಕಾಣತೀನಿ?"

"ಕಾಣತೀಯವ್ವಾ. ಚಂದಂಗಿ ಕಾಣತೀ," ಎಂದಳು ಕಿರಿಸೊಸೆ.

ಮಂಗಳವಾರ ಬಂತು. ಅವಳು ಮೊದಲು ಮಗಳ ಪೀಪಾಯಿಗೇ ಕೋಲು ಇಳಿಸಿ ನೋಡಿದಳು. ಗೇಣು ಇಳಿದಿತ್ತು. ಈ ಸಲ ಸಾಲು ಗೀಲು ನೋಡುವುದಿಲ್ಲ ಎಂದುಕೊಂಡು ಮೂಲೆಯ ಎಂಟನೇ ಪೀಪಾಯಿಗೆ ಹೋಗಿ ಕೊಡ ಹಿಡಿದಳು. ಒಂದು ಎಳೆ ರಸ ಬಂತು, ಆಮೇಲೆ ಗಸಿ ಬಂತು, ಆಮೇಲೆ ಅದೂ ನಿಂತಿತು. ಕೋಲು ಇಳಿಸಿದರೆ ತಳಕ್ಕೆ ಹೋಗಿ ಟಕ್ ಎಂದಿತು.

ಸದ್ದಿಗೆ ಯಜಮಾನರು ಮೆಟ್ಟಿಲಿಳಿದು ಬಂದರು. ನೆಲಮಾಳಿಗೆಯ ಮೇಲೆ ಓಡಾಡುತ್ತ ಆಯುಷ್ಯ ಕಳೆದವರಿಗೆ ಪೀಪಾಯಿಯ ಯಾವ ಸದ್ದು ಎಂಥದೆಂದು ಗೊತ್ತಿರುತ್ತದೆ.

"ತೀರಿತೇನು?" ಎಂದರು. "ತೀರಲಿ ಬಿಡು. ಎಂದಾದರೂ ತೀರೂದ. ಮುಂದಿನ ಮಂಗಳವಾರದಿಂದ ಆ ಕೊನೀ ಸಣ್ಣದು ಐತಲ್ಲ, ಅದರಾಗಿಂದ ತೆಗಿ."

ಕಿರಿಸೊಸೆ ಸಣ್ಣ ಪೀಪಾಯಿಯ ಮೇಲೆ ಕೈ ಇಟ್ಟಳು. "ಅದು ನಿಮ್ಮ ಮೊಮ್ಮಗಳದ್ರಿ, ಮಾವಾರ."

ಯಜಮಾನರು ನಕ್ಕರು. ಕರುಣೆಯ ನಗು. "ನನಗ ಮೊಮ್ಮಗಳು ಎಲ್ಲಿ ಬಂದಳವ್ವಾ? ನಿನ್ನ ಆಸೆ ನನಗ ತಿಳಿಯಂಗಿಲ್ಲೇನು? ಆಗತೈತಿ, ಮುಂದ ಆಗತೈತಿ. ಇದು ಯಾರದೂ ಅಲ್ಲ." ಎನ್ನುತ್ತ ಅವರು ಸಣ್ಣ ಪೀಪಾಯಿಯ ಬಳಿ ಹೋಗಿ, ಅದರ ಕೊರಳಲ್ಲಿದ್ದ ದಾರವನ್ನು ಬಳ್ಳಿ ಸವರುವ ಚಾಕುವಿನಿಂದ ಕತ್ತರಿಸಿ, ಕರಿಬಳೆಯನ್ನು ಅವಳ ಕೈಗಿಟ್ಟರು. "ಯಾರದೋ ಬಳಿ ಇಲ್ಲಿ ಸಿಕ್ಕೊಂಡಿತ್ತು ನೋಡು. ಜ್ವಾಪಾನ ಇಡು, ಕೇಳಿದವರಿಗೆ ಕೊಡು."

ಮಗಳು ಆಗ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಯಜಮಾನರು ಮೇಲೇರುವಾಗ ಅವಳನ್ನು ಹಾಯ್ದೇ ಹೋದರು. ಅವಳೇ ಗೋಡೆಗೆ ಒತ್ತಿಕೊಂಡು ಜಾಗ ಬಿಟ್ಟಳು. ಆ ಮಗುವಿಗೆ ಅಷ್ಟರಲ್ಲಾಗಲೇ ಜಾಗ ಬಿಡುವುದು ರೂಢಿಯಾಗಿತ್ತು.

ಮುಂದಿನ ಮಂಗಳವಾರಕ್ಕೆ ಏಳು ದಿನ. ಹಲಗೆಗಳು ಅಲ್ಲಿಯವರೆಗೆ ಸುಮ್ಮನಿರಬೇಕಲ್ಲ. ಬುಧವಾರ ಕಿರಿಸೊಸೆ ಮಗಳ ಹೆಸರು ಕರೆಯಲು ಹೋಗಿ ಎರಡು ಸಲ ತೊದಲಿದಳು. ಗುರುವಾರ ಆ ಹೆಸರು ಬರಲೇ ಇಲ್ಲ, ಕೂಸೇ ಎಂದು ಕರೆದು ಸುಧಾರಿಸಿಕೊಂಡಳು. ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದಾಗ ತನ್ನ ಕೈಯಲ್ಲೊಂದು ಬಾಚಣಿಗೆ ಇರುವುದು ಅವಳಿಗೆ ಕಂಡಿತು. ಯಾಕೆ ಹಿಡಿದಿದ್ದೇನೆ ಎಂದು ಯೋಚಿಸಿದಳು. ತನ್ನ ತಲೆ ಬಾಚಿಯಾಗಿತ್ತು. ಬಾಚಣಿಗೆಯನ್ನು ಗೂಡಿಗೆ ಇಟ್ಟು ಬರೋಣವೆಂದು ಎರಡು ಹೆಜ್ಜೆ ಹಾಕಿದಳು. ಸೆರಗು ಯಾವುದಕ್ಕೋ ಸಿಕ್ಕಿ ಜಗ್ಗಿತು. ಮುಳ್ಳಿರಬಹುದು ಎಂದು ಬಿಡಿಸಿಕೊಳ್ಳಲು ಬಗ್ಗಿದರೆ, ಅಲ್ಲಿ ಒಂದು ಪುಟ್ಟ ಮುಷ್ಟಿ ಇತ್ತು.

"ಅವ್ವಾ, ನಾ ಕಾಣತೀನಿ?"

ಅವಳು ಮಗಳನ್ನು ಬಾಚಿ ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಎಷ್ಟು ಹೊತ್ತು ಕೂತಿದ್ದಳೋ. ಮನೆಯವರು ಬಂದರು, ಹೋದರು. ಸೊಸೆ ಬರಿಗಾಳಿಯನ್ನು ಅಪ್ಪಿಕೊಂಡು ಅಳುತ್ತಿದ್ದಾಳೆ ಎಂದು ಅವರಿಗೆ ಕನಿಕರವಾಯಿತು.

ಶನಿವಾರ ಪೀಪಾಯಿ ಕಟ್ಟುವವನು ಬಂದ. ಅವನು ನದಿಯಾಚೆಯವನು. ವರ್ಷಕ್ಕೊಮ್ಮೆ, ಸುಗ್ಗಿಗೆ ಮುಂಚೆ ಬಂದು, ಸಡಿಲಾದ ಕಬ್ಬಿಣದ ಪಟ್ಟಿಗಳನ್ನು ಬಡಿದು ಬಿಗಿ ಮಾಡಿ ಹೋಗುವ ಮುದುಕ. ಆ ಮನೆಯ ರಸವನ್ನು ಅವನು ಬಾಯಿಗೆ ಹಾಕಿದವನಲ್ಲ, ಆ ಮನೆಯಲ್ಲಿ ಅವನ ಹೆಸರಿನ ಪೀಪಾಯಿಯೂ ಇಲ್ಲ. ಆದ್ದರಿಂದ ಆ ಮನೆಯ ಮರೆವು ಅವನಿಗೆ ಹತ್ತುತ್ತಿರಲಿಲ್ಲ.

ಕಿರಿಸೊಸೆ ಅವನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಕೇಳಿದಳು:

"ಅಜ್ಜಾ, ನನ್ನ ಮಗ್ಗಲಿಗೆ ಯಾರಾದರೂ ಅದಾರೇನು, ಖರೇ ಹೇಳು."

ಮುದುಕ ಅವಳನ್ನು ನೋಡಿದ, ಅವಳ ಪಕ್ಕಕ್ಕೆ ನೋಡಿದ. "ಅದಾಳಲ್ಲ. ನಿನ್ನ ಸೆರಗ ಹಿಡಕೊಂಡು ನಿಂತಾಳ. ಮುಂದಿನ ಹಲ್ಲು ಬಿದ್ದಾವ. ಯಾಕ ತಂಗಿ?"

ಹಲ್ಲು ಬಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಅತ್ತಳು, ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ಮುದುಕ ಕೇಳುತ್ತ ಕೇಳುತ್ತ ಮಗಳ ಪೀಪಾಯಿಯನ್ನು ಉರುಳಿಸಿ, ಸೋರುವ ಸಂದಿಗೆ ಜೊಂಡಿನ ಎಳೆ ತುರುಕಿ, ಪಟ್ಟಿ ಬಡಿದು ಬಿಗಿ ಮಾಡಿದ. ಆಮೇಲೆ ಮೂಲೆಯ ಎಂಟನೆಯದರ ಮುಂದೆ ಹೋಗಿ ಅದರ ಪಟ್ಟಿಯ ಮೇಲೆ ಕೈಯಾಡಿಸಿದ.

"ಇದಕ್ಕ ಯಾರದೂ ಅಲ್ಲ ಅಂತೀರೇನು ನೀವು?" ಎಂದ. "ಇದನ್ನ ಕಟ್ಟಿದವ ನಾನ. ಈ ಮನೀ ಹೆಣ್ಣು ಕೂಸಿಗೆ. ನಿನ್ನ ಗಂಡಗಿಂತ ಎರಡು ವರ್ಷ ದೊಡ್ಡಾಕಿ. ಎಡಗೈಲೇ ರೊಟ್ಟಿ ಮುರೀತಿದ್ದಳು, ದಿನಾ ಬೈಸಿಕೊಂತಿದ್ದಳು. ನನ್ನ ಸುತ್ತಿಗಿ ಎಡಗೈಲೇ ಎತ್ತಿ ನಗತಿದ್ದಳು."

"ಎಲ್ಲಿ ಹೋದಳು?"

"ಎಲ್ಲಿಗೂ ಹೋಗಿಲ್ಲ. ಇಲ್ಲೇ ಅದಾಳ. ಪ್ರತಿ ವರ್ಷ ಬಾವಿ ಕಟ್ಟಿ ಮ್ಯಾಲ ಕುಂತಿರತಾಳ. ಅಂದು ಎಷ್ಟಿದ್ದಳೋ ಇಂದೂ ಅಷ್ಟ. ನೋಡವರಿಲ್ಲದ ಕೂಸು ಹೆಂಗ ಬೆಳೀಬೇಕು, ಹೇಳು? ಈ ವರ್ಷ ಮಾತ್ರ ಬಿಸಿಲಾಗ ಹೊಗಿ ಕಂಡಂಗ ಕಂಡಳು. ನನ್ನಂಥವಗೂ ಕಣ್ಣು ಕಿರಿದು ಮಾಡಿ ನೋಡಬೇಕಾತು."

ಕಿರಿಸೊಸೆ ತನ್ನ ಕೈಯ ತಾಮ್ರದ ಕೊಡವನ್ನು ನೋಡಿದಳು. ಎಂಟು ವರ್ಷದಿಂದ ವಾರಕ್ಕೊಂದು ಕೊಡ. ಆ ಹುಡುಗಿಯನ್ನು ತೆಗೆತೆಗೆದು ತಾನು ಮಾವನಿಗೆ ಸುರಿದಿದ್ದಳು, ಗಂಡನಿಗೆ ಸುರಿದಿದ್ದಳು, ತನಗೆ ಸುರಿದುಕೊಂಡಿದ್ದಳು. ಈ ಮನೆಯಲ್ಲಿ ಯಾರೂ ಯಾರಿಗೂ ಕೆಡುಕು ಮಾಡಿದ್ದು ಯಾರಿಗೂ ನೆನಪಿಲ್ಲ. ಅಷ್ಟು ಶುದ್ಧವಾದ ಮನೆತನ. ಅವಳಿಗೆ ತನ್ನ ಕೈ ಕಂಡರೇ ಹೇಸಿಗೆಯಾಯಿತು.

ಅಂದು ಸಂಜೆ ಅತ್ತೆ ಜಗಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ತಮ್ಮ ಹೆರಳು ಮುಗಿದ ಮೇಲೆ ಅವರ ಕೈಗಳು ಮಡಿಲ ಮುಂದೆ ಸ್ವಲ್ಪ ಎತ್ತರದಲ್ಲಿ ಗಾಳಿಯಲ್ಲಿ ಹಾಗೇ ಹೆಣೆಯುತ್ತ ಹೋದವು. ಮೂರು ಎಳೆ ಮಾಡಿ, ಒಂದರ ಮೇಲೊಂದು ಹಾಕಿ, ತುದಿಗೆ ಬಂದು, ಇಲ್ಲದ ರಿಬ್ಬನ್ನು ಕಟ್ಟಿ, ಇಲ್ಲದ ಬೆನ್ನನ್ನು ಒಮ್ಮೆ ತಟ್ಟಿ ಕೆಳಗಿಳಿದವು. ಕಿರಿಸೊಸೆ ಮದುವೆಯಾಗಿ ಬಂದಾಗಿನಿಂದ ಇದನ್ನು ನೋಡುತ್ತಿದ್ದಳು, ಮುದುಕಿಯರ ಚಟ ಎಂದುಕೊಂಡಿದ್ದಳು.

"ಅತ್ತ್ಯಾರ, ಎರಡನೇ ಹೆರಳು ಯಾರಿಗೆ ಹಾಕತೀರಿ?"

ಅತ್ತೆ ತಮ್ಮ ಕೈಗಳನ್ನು ನೋಡಿಕೊಂಡು ನಾಚಿದರು. "ಯಾರಿಗಿಲ್ಲವಾ. ಕೈಗೆ ರೂಢಿ. ಹಾಕದಿದ್ದರ ರಾತ್ರಿ ಬೆರಳು ನೋಯತಾವ."

ಕಿರಿಸೊಸೆ ಒಳಗೆ ಹೋಗಿ ಕಂಬಕ್ಕೆ ಒರಗಿ ನಿಂತಳು. ತನ್ನ ಕೈಯೂ ಇನ್ನು ಹತ್ತು ದಿನಕ್ಕೆ ಹೀಗೇ ಗಾಳಿ ಹೆಣೆಯುತ್ತದೆ. ಯಾರಾದರೂ ಕೇಳಿದರೆ ತಾನೂ ಹೀಗೇ ನಾಚಿಕೊಳ್ಳುತ್ತೇನೆ.

ತನ್ನ ಪೀಪಾಯಿಯನ್ನು ಮಗಳದಕ್ಕೆ ಸುರಿದುಬಿಡಲೇ ಎಂದು ಅವಳು ಯೋಚಿಸದೆ ಇರಲಿಲ್ಲ. ಸುರಿಯಬಹುದು. ತುಂಬಿದ ಮಗಳು ತಾಯಿಯನ್ನು ಕಾಣದೆ ಅಂಗಳ ಸುತ್ತುತ್ತಾಳೆ. ಸಾಲಿನಲ್ಲಿ ಅವಳದೇ ಕೊನೆ. ಇಂದಲ್ಲ ನಾಳೆ ಮೇಲೆ ಸುರಿಯಲು ಮತ್ತೆ ಒಂದು ಪೀಪಾಯಿ ಬೇಕಾಗುತ್ತದೆ, ಯಜಮಾನರು ಮತ್ತೆ ಅದೇ ಮೂಲೆಗೆ ಕೈ ತೋರಿಸುತ್ತಾರೆ. ಅವಳು ಭಾನುವಾರವಿಡೀ ಇದನ್ನೇ ಮಥಿಸಿದಳು. ಸೋಮವಾರ ಮುದುಕ ಹೊರಡಲು ಗಂಟು ಕಟ್ಟುತ್ತಿದ್ದಾಗ ಅವನ ಮುಂದೆ ಹೋಗಿ ನಿಂತಳು.

"ಎಲ್ಲಾನೂ ಬೆರಸಿದರ ಏನಾಗತೈತಿ, ಅಜ್ಜಾ?"

ಮುದುಕನ ಕೈ ಗಂಟಿನ ಮೇಲೇ ನಿಂತಿತು. "ಎಂಟೂ?"

"ಎಂಟೂ. ಆ ಗಸಿ ಸುದ್ದಾ."

ಅವನು ಬೆರಳು ಮಡಿಚಿ ಲೆಕ್ಕ ಹಾಕಿದ. "ಸಮ ಹಂಚಿದರ ಎಲ್ಲಾವೂ ನಾಲ್ಕು ಬೆರಳು ಕಡಿಮಿ ಬೀಳತಾವ. ನಾಲ್ಕು ಬೆರಳು ಅಂದರ ಏನಂತ ನನಗಿಂತ ನಿನಗ ಚಲೋ ಗೊತ್ತು. ಎಲ್ಲಾರೂ ಎಲ್ಲಾರಿಗೂ ಕಾಣತೀರಿ. ಯಾರು ಯಾರಿಗೆ ಏನು ಅನ್ನೂದು ಯಾರಿಗೂ ತಿಳಿಯಂಗಿಲ್ಲ. ಬೆರಸಿದ್ದನ್ನ ತಿರುಗಿ ಬ್ಯಾರೆ ಮಾಡಾಕ ಬರಂಗಿಲ್ಲ, ತಂಗಿ."

"ನನ್ನ ಮಗಳು ನನಗ ಕಾಣತಾಳಿಲ್ಲೋ?"

"ಕಾಣತಾಳ. ನಿನ್ನ ಮಗಳು ಅಂತ ಕಾಣಂಗಿಲ್ಲ. ಬೆರತ ರಸದಾಗ ಹೆತ್ತಾಕಿ ಯಾರು ಅನ್ನೂದೂ ಕರಗಿ ಹೋಗತೈತಿ."

"ಕಾಣಲಿ. ಅಕಿ ಮುಂದ ತಾಟರೆ ಬೀಳತೈತಿ," ಎಂದಳು.

ಮಂಗಳವಾರ ಸುಗ್ಗಿ ಮೊದಲಾಯಿತು. ಬೆಳಗಾಗುವ ಮುಂಚೆಯೇ ಮನೆಯವರೆಲ್ಲ ಬುಟ್ಟಿ ಹಿಡಿದು ಚಪ್ಪರದ ಕೆಳಗೆ ಹೋದರು. ಕಿರಿಸೊಸೆ ತಲೆಗೆ ನೀರು ಹಾಕಿಕೊಂಡಳು. ಮಗಳನ್ನು ಕರೆದು, ಯಜಮಾನರು ಕತ್ತರಿಸಿ ಕೊಟ್ಟ ಕರಿಬಳೆಯನ್ನು ಅವಳ ಬಲಗೈಗೆ ತೊಡಿಸಿದಳು. ಬಳೆ ಬಿಗಿಯಾಗಿತ್ತು. ಉಗುಳು ಹಚ್ಚಿ ಒತ್ತಿ ಏರಿಸಿದಳು.

"ಇದನ್ನ ತಗೀಬ್ಯಾಡ. ನಾ ಮರತರ ಈ ಕೈ ತೋರಸು. ಕರಿಬಳಿ ಇದ್ದಾಕಿ ನನ್ನ ಮಗಳು ಅಂತ ಬಾಯಿಪಾಠ ಮಾಡಕೊಂಡೀನಿ."

ಮಗಳು ತಲೆಯಾಡಿಸಿದಳು. ಅಷ್ಟು ಹೊತ್ತಿಗೆ ಅವಳ ಕಾಲಿನ ಹಿಂದಿನ ಬಾವಿಕಟ್ಟೆ ಅವಳ ಮೂಲಕವೇ ಕಾಣತೊಡಗಿತ್ತು.

ನೆಲಮಾಳಿಗೆಯ ನಡುವೆ ಒಂದು ಕಲ್ಲಿನ ತೊಟ್ಟಿ ಇದೆ, ಪೀಪಾಯಿಗಳ ಸಾಲಿನಿಂದ ಅದಕ್ಕೆ ಸಣ್ಣ ಕಾಲುವೆ. ಕಿರಿಸೊಸೆ ಮುದುಕ ಬಿಟ್ಟುಹೋದ ಸುತ್ತಿಗೆಯಿಂದ ಪೀಪಾಯಿಗಳ ಕೆಳಬಿರಡೆಗಳನ್ನು ಒಂದೊಂದಾಗಿ ಹೊಡೆದು ತೆಗೆದಳು. ಯಜಮಾನರ ರಸ ಕಪ್ಪಗೆ, ಮಂದವಾಗಿ ಬಂತು. ಅತ್ತೆಯದು ಅದಕ್ಕೆ ಕೂಡಿತು. ಭಾವ, ನೆಗೆಣ್ಣಿ, ಗಂಡ. ತನ್ನದು ಹರಿಯುವಾಗ ಅವಳಿಗೆ ನಿಂತಲ್ಲೇ ತೂಕಡಿಕೆ ಬಂದಂತಾಯಿತು. ಮಗಳದು ತಿಳಿಗೆಂಪು, ಎಲ್ಲಕ್ಕಿಂತ ಬೇಗ ಮುಗಿಯಿತು. ಕೊನೆಗೆ ಎಂಟನೆಯದನ್ನು ಎತ್ತಿ ಬಗ್ಗಿಸಿದಳು. ಗಸಿ ಲೊಳಕ್ಕನೆ ಬಿತ್ತು. ಅದರ ಜೊತೆ ಟಿಣ್ ಎಂದು ಏನೋ ಬಿತ್ತು. ಹಿಂದೊಮ್ಮೆ ಯಾರೋ ಬಿರಡೆಯ ಕಂಡಿಯಿಂದ ಒಳಗೆ ಹಾಕಿಬಿಟ್ಟಿದ್ದ ಒಂದು ಕರಿಬಳೆ. ಅದನ್ನು ತೊಳೆದು ತೊಟ್ಟಿಯ ಅಂಚಿಗಿಟ್ಟಳು. ಎರಡೂ ಬಳೆ ಒಂದೇ ಬಳೆಗಾರನ ಮನೆಯವು, ಒಂದೇ ಅಳತೆಯವು. ತಲೆತಲಾಂತರದಿಂದ ಅದೇ ಪದ್ಧತಿ. ಇದು ಅವಳ ಗಮನಕ್ಕೆ ಬರಲಿಲ್ಲ.

ಕೈ ಅದ್ದಿ ಮೊಣಕೈವರೆಗೂ ಬೆರೆಸಿದಳು. ತೊಟ್ಟಿಯೊಳಗಿಂದ ಮಾತಿನಂಥ ಸದ್ದು ಬಂತು. ಎಂಟು ಜನ ಒಂದೇ ಕೋಣೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದ ಹಾಗೆ. ಅವಳು ಕಿವಿ ಕೊಡದೆ ಕೊಡ ತುಂಬಿದಳು. ಲಾಳಿಕೆ ಇಡು, ಸುರಿ. ಲಾಳಿಕೆ ಇಡು, ಸುರಿ. ಇದಕ್ಕೊಂದು ಕೊಡ, ಅದಕ್ಕೊಂದು ಕೊಡ. ಈ ಸಲ ಸಣ್ಣದರಿಂದ ಮೊದಲು ಮಾಡಿ ದೊಡ್ಡದಕ್ಕೆ ಬಂದಳು, ಆಮೇಲೆ ದೊಡ್ಡದರಿಂದ ಸಣ್ಣದಕ್ಕೆ, ಆಮೇಲೆ ಯಾವುದು ಮೊದಲು ಯಾವುದು ಕೊನೆ ಎಂಬುದೇ ತಿಳಿಯದೆ ಹೋಯಿತು. ತೊಟ್ಟಿ ಬರಿದಾದಾಗ ಎಂಟರಲ್ಲೂ ಕೋಲು ಇಳಿಸಿ ನೋಡಿದಳು. ನಾಲ್ಕು ಬೆರಳು, ನಾಲ್ಕು ಬೆರಳು, ನಾಲ್ಕು ಬೆರಳು. ಎಂಟು ಬಿರಡೆ ಬಡಿದಳು.

ಆಮೇಲೆ ಸುತ್ತಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಇದು ಯಾರ ಮನೆಯ ನೆಲಮಾಳಿಗೆ, ತನ್ನನ್ನು ಈ ಕೆಲಸಕ್ಕೆ ಯಾರು ಕರೆದಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದಳು. ಒಂದು ಬಾಯಿಪಾಠ ಮಾತ್ರ ನಾಲಿಗೆಯ ತುದಿಯಲ್ಲಿತ್ತು. ಕರಿಬಳೆ ಇದ್ದಾಕಿ ನನ್ನ ಮಗಳು. ತೊಟ್ಟಿಯ ಅಂಚಿಗಿಟ್ಟ ಬಳೆ ಅಲ್ಲಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸುಗ್ಗಿಯವರು ಬುಟ್ಟಿ ಹೊತ್ತು ಬಂದರು. ಎಲ್ಲರಿಗಿಂತ ಹಿರಿಯನಂತೆ ಕಾಣುವ ಒಬ್ಬ ಬಾಗಿಲಲ್ಲೇ ನಿಂತು, "ಈ ಮನೀ ಯಜಮಾನರು ಯಾರ್ರೀ? ಬುಟ್ಟಿ ಎಲ್ಲಿ ಇಳಸೂದು?" ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಹಿಂದಿದ್ದ ಗಂಡಸು, "ಇಳಸಪಾ, ಯಾರು ಬ್ಯಾಡ ಅಂತಾರ?" ಎಂದು ಅವನ ಬುಟ್ಟಿಗೆ ಕೈ ಕೊಟ್ಟ. ಇಬ್ಬರೂ ನಕ್ಕರು. ಆ ಮನೆಯಲ್ಲಿ ಯಜಮಾನರ ಬುಟ್ಟಿಗೆ ಯಾರೂ ಹಾಗೆ ನಗುತ್ತ ಕೈ ಕೊಟ್ಟಿದ್ದಿಲ್ಲ.

ಒಲೆಯ ಮುಂದೆ ಕೂತ ವಯಸ್ಸಾದ ಹೆಂಗಸು ತಾಟು ಹಾಕಿದಳು. ಯಾರು ಯಾರೆಂದು ತಿಳಿಯದ್ದರಿಂದ ಕಂಡ ಮುಖಕ್ಕೆಲ್ಲ ಒಂದೊಂದು ಹಾಕುತ್ತ ಬಂದಳು. ಎಂಟು ಮುಖ, ಎಂಟು ತಾಟು. ದೊಡ್ಡವರು ಯಾರು ಸಣ್ಣವರು ಯಾರು ಎನ್ನುವ ಗೊಡವೆಯಿಲ್ಲದೆ ಹಸಿದವರಿಗೆ ಮೊದಲು ಬಡಿಸಿದಳು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು. ಇಬ್ಬರೂ ಆರು ಏಳರವರು, ಇಬ್ಬರ ಮುಂದಿನ ಹಲ್ಲೂ ಬಿದ್ದಿದ್ದವು, ಇಬ್ಬರ ಬಲಗೈಯಲ್ಲೂ ಒಂದೊಂದು ಕರಿಬಳೆ. ಒಬ್ಬಳು ಬಲಗೈಯಿಂದ ಉಂಡಳು. ಇನ್ನೊಬ್ಬಳು ಎಡಗೈಯಿಂದ ರೊಟ್ಟಿ ಮುರಿದಳು, ಬಹಳ ದಿನ ಉಪವಾಸವಿದ್ದವಳ ಹಾಗೆ ಗಬಗಬ ತಿಂದಳು.

ಕಿರಿಸೊಸೆ, ಈಗ ಅವಳನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ, ಇಬ್ಬರನ್ನೂ ನೋಡುತ್ತ ಕೂತಳು. ಎಡಗೈಯ ಬಗ್ಗೆ ಯಾರೋ ಏನೋ ಹೇಳಿದ್ದರು. ಯಾರು? ಒಬ್ಬ ಮುದುಕನಿರಬೇಕು. ಏನು ಹೇಳಿದ್ದ? ನೂಲಿನ ತುದಿ ಸಿಕ್ಕಂತಾಗಿ ಕೈ ಜಾರಿತು. ಕರಿಬಳೆ ಇದ್ದಾಕಿ ನನ್ನ ಮಗಳು ಎಂದುಕೊಂಡು ಒಬ್ಬಳ ಕೈ ನೋಡಿದಳು, ಬಳೆ ಇತ್ತು. ಇನ್ನೊಬ್ಬಳಿಗೂ ಇತ್ತು.

ಊಟವಾದ ಮೇಲೆ ಹೆಂಗಸರು ಜಗಲಿಗೆ ಬಂದರು. ವಯಸ್ಸಾದವಳ ಕೈಗಳು ತಾವಾಗಿಯೇ ಮೇಲೆದ್ದು ಗಾಳಿ ಹಿಡಿದವು. ಬಲಗೈಯಿಂದ ಉಂಡ ಹುಡುಗಿ ಓಡಿಬಂದು ಆ ಕೈಗಳ ಕೆಳಗೆ ತಲೆ ಕೊಟ್ಟು ಕೂತಳು. ಬೆರಳುಗಳಿಗೆ ಕೂದಲು ಸಿಕ್ಕಿತು. ಮುದುಕಿ ಯಾಕೆಂದು ತಿಳಿಯದೆ ಬಿಕ್ಕಿ ಬಿಕ್ಕಿ ಅಳುತ್ತ ಹೆಣೆಯತೊಡಗಿದಳು.

ಎಡಗೈಯ ಹುಡುಗಿ ಕಿರಿಸೊಸೆಯ ಮುಂದೆ ಬಂದು ಬೆನ್ನು ತಿರುಗಿಸಿ ಕೂತಳು. ಅವಳ ಕೂದಲಲ್ಲಿ ಬಾವಿಯ ಪಾಚಿಯ ವಾಸನೆ. ಕಿರಿಸೊಸೆ ಮೂರು ಎಳೆ ಮಾಡಿದಳು. ಕುತ್ತಿಗೆಯ ಹತ್ತಿರ ಬಂದಾಗ ಅವಳ ಬೆರಳುಗಳು ನಿಂತುಬಿಟ್ಟವು. ಈ ಕೂದಲು ಅವಳ ಬೆರಳುಗಳಿಗೆ ರೂಢಿಯಾದದ್ದಕ್ಕಿಂತ ದಪ್ಪವಿತ್ತು. ಕೈ ಬೇರೆ ಏನನ್ನೋ ಹುಡುಕುತ್ತಿತ್ತು.

"ಯಾಕ ನಿಂತಿ?" ಎಂದಳು ಹುಡುಗಿ, ತಿರುಗದೆಯೇ.

"ಏನಿಲ್ಲ ಕೂಸೇ," ಎಂದು ಅವಳು ಮತ್ತೆ ಹೆಣೆದಳು. ತುದಿಗೆ ರಿಬ್ಬನ್ನು ಕಟ್ಟಿ ಆ ಬೆನ್ನನ್ನು ಮೆಲ್ಲಗೆ ತಟ್ಟಿದಳು. ಮೂವತ್ತು ವರ್ಷ ಯಾರ ಕೈಯೂ ತಾಗದ ಬೆನ್ನು ಅದು. ಹುಡುಗಿ ಕಣ್ಣು ಮುಚ್ಚಿ ಅವಳ ಮೊಣಕಾಲಿಗೆ ಒರಗಿಕೊಂಡಳು.

ಎದುರಿನಿಂದ, ಮುದುಕಿಯ ಮಡಿಲಿನಿಂದ, ಇನ್ನೊಬ್ಬ ಹುಡುಗಿ ಇತ್ತಲೇ ನೋಡುತ್ತಿದ್ದಳು. ಬಹಳ ಹೊತ್ತಿನಿಂದ ನೋಡುತ್ತಿದ್ದಿರಬೇಕು. ಅವಳು ಬಲಗೈ ಎತ್ತಿ ಬಳೆ ತೋರಿಸಿದಳು. ಕಿರಿಸೊಸೆ ನಕ್ಕಳು, ಚಂದದ ಬಳೆ ಎನ್ನುವ ಹಾಗೆ ತಲೆಯಾಡಿಸಿದಳು. ಹುಡುಗಿ ಕೈ ಕೆಳಗಿಳಿಸಿ ಮೆಲ್ಲಗೆ ಕೇಳಿದಳು:

"ನಾ ಕಾಣತೀನಿ?"

ಆ ಮಾತನ್ನು ಎಲ್ಲೋ ಕೇಳಿದಂತೆ ಕಿರಿಸೊಸೆಗೆ ಅನ್ನಿಸಿತು. ಯಾರ ಮಗುವೋ, ಪಾಪ.

"ಕಾಣತೀಯವ್ವಾ," ಎಂದಳು. "ಚಂದಂಗಿ ಕಾಣತೀ."